ದಾರಿ ಹತ್ತು ಲಕ್ಷ, ಸಮಯ ಏಳು ನ್ಯಾನೊಸೆಕೆಂಡು

ಬೆಂಗಳೂರಿನ ಮನೆಯಿಂದ ಬೆಂಗಳೂರಿನದೇ ಇನ್ನೊಂದು ಕಂಪ್ಯೂಟರಿಗೆ ಕಳಿಸಿದ ಮಾಹಿತಿ ಚೆನ್ನೈಗೋ ಮುಂಬೈಗೋ, ಕೆಲವು ಸಲ ಸಿಂಗಪುರಕ್ಕೋ ಹೋಗಿ ಬರುವುದೇಕೆ? ಎಂಜಿನಿಯರಿಂಗ್ ಓದುವ ಹುಡುಗರು ಮಾಹಿತಿ ಹೋದ ದಾರಿಯನ್ನು ತೋರಿಸುವ ಟ್ರೇಸ್‌ರೂಟ್ ಕಲಿತ ವಾರವೇ ನನಗೆ ಬರೆಯುವ ಪತ್ರ ಇದು. ಪರದೆಯ ಮೇಲೆ ಸಾಲುಸಾಲಾಗಿ ಮೂಡುವ ರೌಟರುಗಳ, ಅಂದರೆ ದಾರಿ ಆರಿಸುವ ಯಂತ್ರಗಳ, ಹೆಸರಿನಲ್ಲಿ ಸಿಂಗಪುರದ ಗುರುತು ಕಂಡ ಕೂಡಲೆ ತಮಗೇ ಏನೋ ಅನ್ಯಾಯವಾದಂತೆ ಬೇಸರಪಟ್ಟುಕೊಳ್ಳುತ್ತಾರೆ. ಬೆನ್ನಿಗೇ ಎರಡನೇ ಪ್ರಶ್ನೆ: ಮೊಬೈಲಿನ ಮ್ಯಾಪ್ ಹತ್ತಿರದ ದಾರಿ ಹುಡುಕಿಕೊಡುತ್ತದಲ್ಲ, ಇಂಟರ್ನೆಟ್ಟಿಗೆ ಅಷ್ಟೂ ಬುದ್ಧಿ ಇಲ್ಲವೆ?

ಬುದ್ಧಿ ಬೇಕಾದಷ್ಟಿದೆ, ಖರ್ಚಾಗುವುದು ಬೇರೆ ಕಡೆ. ಕಾಲೇಜಿನಲ್ಲಿ ದಾರಿ ಹುಡುಕುವ ಪಾಠವೆಂದರೆ ಡೈಕ್‌ಸ್ಟ್ರಾ. 1959ರಲ್ಲಿ ಪ್ರಕಟವಾದ ಆ ವಿಧಾನಕ್ಕೆ ಪೂರ್ತಿ ನಕ್ಷೆ ಬೇಕು, ಪ್ರತಿ ರಸ್ತೆಯ ಉದ್ದವೂ ಗೊತ್ತಿರಬೇಕು. ಒಂದೇ ಕಂಪನಿಯ ಒಳಗಿನ ನೆಟ್‌ವರ್ಕಿನಲ್ಲಿ ಅದು ಇಂದಿಗೂ ನಿಷ್ಠೆಯಿಂದ ದುಡಿಯುತ್ತಿದೆ. ಕಂಪನಿಯ ಗಡಿ ದಾಟಿದರೆ ನಕ್ಷೆಯೇ ಇಲ್ಲ. ಒಂದು ನೆಟ್‌ವರ್ಕ್ ತನ್ನ ಒಳಗನ್ನು ಇನ್ನೊಂದಕ್ಕೆ ಬಿಚ್ಚಿ ತೋರಿಸುವುದಿಲ್ಲ. ‘ಇಂಥ ವಿಳಾಸಗಳಿಗೆ ನನ್ನ ಮೂಲಕ ಹೋಗಬಹುದು, ನಡುವೆ ಇಂತಿಂಥ ನೆಟ್‌ವರ್ಕ್‌ಗಳು ಸಿಗುತ್ತವೆ’ ಎಂದಷ್ಟೇ ಸಾರುತ್ತದೆ. ಹೀಗೆ ನಾಲ್ಕು ಕಡೆಯಿಂದ ಬಂದ ಮಾತುಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದೇ ರೌಟರಿನ ಕೆಲಸ. ಈ ಹೋಲಿಕೆ ಎರಡು ಬೇರೆ ಹೊತ್ತಿನಲ್ಲಿ, ಎರಡು ಬೇರೆ ಪ್ರಶ್ನೆ ಹಿಡಿದು ನಡೆಯುತ್ತದೆ. ಒಂದಕ್ಕೆ ಗಣಿತ ಸೊಗಸಾದ ಉತ್ತರ ಕೊಟ್ಟು ಕೈತೊಳೆದುಕೊಂಡಿದೆ. ಇನ್ನೊಂದರಲ್ಲಿ ಇವತ್ತಿಗೂ ಪರದಾಡುತ್ತಿದೆ. ಪಠ್ಯಪುಸ್ತಕಗಳು ಡೈಕ್‌ಸ್ಟ್ರಾಗೆ ಕೊಟ್ಟ ಪುಟಗಳಲ್ಲಿ ಅರ್ಧವನ್ನಾದರೂ ಇವೆರಡಕ್ಕೆ ಕೊಟ್ಟಿದ್ದರೆ ನನಗೆ ಬರುವ ಪತ್ರಗಳು ಕಡಿಮೆಯಾಗುತ್ತಿದ್ದವು.

ಮೊದಲನೆಯದು ಪ್ಯಾಕೆಟ್, ಅಂದರೆ ಮಾಹಿತಿಯ ಒಂದು ತುಣುಕು, ರೌಟರಿನ ಬಾಗಿಲಲ್ಲಿ ಬಂದು ನಿಂತ ಹೊತ್ತಿನ ಹೋಲಿಕೆ. ಇದಕ್ಕೆ ಅಂಚೆಯ ಪಿನ್‌ಕೋಡಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಆರಂಕಿಯ ಸಂಖ್ಯೆಯಲ್ಲಿ ಮೊದಲ ಅಂಕಿ 5 ಇದ್ದರೆ ಕರ್ನಾಟಕ, ಆಂಧ್ರ, ತೆಲಂಗಾಣ. 560 ಎಂದರೆ ಬೆಂಗಳೂರು. ದೆಹಲಿಯಲ್ಲಿ ಕಾಗದ ವಿಂಗಡಿಸುವವರ ಮುಂದೆ ‘5’ ಎಂದು ಬರೆದ ಒಂದು ಚೀಲ, ‘560’ ಎಂದು ಬರೆದ ಇನ್ನೊಂದು ಚೀಲ ಇದೆ ಎಂದಿಟ್ಟುಕೊಳ್ಳಿ. 560004ಕ್ಕೆ ಹೋಗಬೇಕಾದ ಬಸವನಗುಡಿಯ ಕಾಗದ ಎರಡು ಚೀಲಕ್ಕೂ ಸಲ್ಲುತ್ತದೆ. ಆದರೂ ಯಾರೂ ಅದನ್ನು ‘5’ರ ಚೀಲಕ್ಕೆ ಹಾಕುವುದಿಲ್ಲ. ಹೆಚ್ಚು ಅಂಕಿ ಹೊಂದಿದ ಚೀಲ ಹೆಚ್ಚು ಖಚಿತ, ಅದೇ ಸರಿ. ಧಾರವಾಡದ 580001ಕ್ಕೆ ಬೇರೆ ಚೀಲ ಇಲ್ಲದಿದ್ದರೆ ‘5’ರ ಚೀಲವೇ ಗತಿ.

ರೌಟರಿನ ಮೊದಲ ನಿಯಮ ಇಷ್ಟೇ. ವಿಳಾಸದ ಮುಂಭಾಗದೊಂದಿಗೆ ಅತಿ ಉದ್ದಕ್ಕೆ ಹೊಂದುವ ದಾರಿ ಗೆಲ್ಲುತ್ತದೆ. ಆ ಮುಂಭಾಗಕ್ಕೆ ಪ್ರಿಫಿಕ್ಸ್ ಎನ್ನುತ್ತಾರೆ. ಐಪಿ ವಿಳಾಸ ನಮಗೆ ನಾಲ್ಕು ಸಂಖ್ಯೆಗಳಾಗಿ ಕಂಡರೂ ಯಂತ್ರಕ್ಕೆ ಅದು 32 ಸೊನ್ನೆ-ಒಂದುಗಳ ಸಾಲು. /24 ಎಂದು ಬರೆದರೆ ಮೊದಲ 24 ಬಿಟ್ ಹೊಂದಬೇಕು, ಉಳಿದ ಎಂಟು ಏನಾದರೂ ಆಗಬಹುದು ಎಂದರ್ಥ; ಅಂದರೆ 256 ವಿಳಾಸಗಳ ಒಂದು ಗುಂಪು. 1993ರವರೆಗೆ ಈ ಉದ್ದ 8, 16, 24 ಎಂಬ ಮೂರೇ ಬಗೆಯಲ್ಲಿತ್ತು, ಯಾವುದು ಎಂಬುದು ವಿಳಾಸದ ಮೊದಲ ಬಿಟ್‌ಗಳನ್ನು ನೋಡಿದರೇ ತಿಳಿಯುತ್ತಿತ್ತು. ಹುಡುಕುವವನಿಗೆ ಅದು ಸುಖದ ಕಾಲ. ಆದರೆ ವಿಳಾಸಗಳು ಪೋಲಾಗುತ್ತಿದ್ದವು, ದಾರಿಗಳ ಪಟ್ಟಿ ಊದುತ್ತಿತ್ತು. ಆಗ ಪ್ರಿಫಿಕ್ಸ್ ಎಷ್ಟು ಬಿಟ್ಟಿಗೆ ಬೇಕಾದರೂ ಮುಗಿಯಬಹುದು ಎಂದು ನಿಯಮ ಬದಲಿಸಿದರು. ಪಟ್ಟಿ ಹಿಡಿತಕ್ಕೆ ಬಂತು. ಹುಡುಕುವ ಕೆಲಸ ಮಾತ್ರ ಕಗ್ಗಂಟಾಯಿತು, ಏಕೆಂದರೆ ಎಷ್ಟು ಉದ್ದ ಹೊಂದಿಸಿ ನೋಡಬೇಕೆಂಬುದೇ ಈಗ ಮುಂಚಿತವಾಗಿ ಗೊತ್ತಿಲ್ಲ.

ಇಂದು ಇಂಟರ್ನೆಟ್ಟಿನ ಪೂರ್ತಿ ಪಟ್ಟಿಯಲ್ಲಿ 32 ಬಿಟ್‌ನ ಹಳೆಯ ಬಗೆಯ ವಿಳಾಸಗಳ ದಾರಿಗಳೇ ಹತ್ತು ಲಕ್ಷದ ಆಸುಪಾಸಿನಲ್ಲಿವೆ. ನೂರು ಗಿಗಾಬಿಟ್‌ನ ಒಂದು ತಂತಿಯಲ್ಲಿ ಅತಿ ಚಿಕ್ಕ ಪ್ಯಾಕೆಟ್‌ಗಳು ಒಂದರ ಹಿಂದೊಂದು ಬಂದರೆ ಸೆಕೆಂಡಿಗೆ ಸುಮಾರು 14.88 ಕೋಟಿ. ಒಂದೊಂದಕ್ಕೆ ಸಿಗುವ ಸಮಯ 6.72 ನ್ಯಾನೊಸೆಕೆಂಡ್. ನಮ್ಮ ಕಂಪ್ಯೂಟರಿನ ಸಾಮಾನ್ಯ ಮೆಮೊರಿಯಿಂದ ಒಂದು ಅಂಕಿ ಓದಿ ತರುವುದಕ್ಕೇ ಐವತ್ತರ ಸುಮಾರು ನ್ಯಾನೊಸೆಕೆಂಡ್ ಬೇಕು. ಅಂದರೆ ಒಂದು ಸಲ ಕಣ್ಣು ಹಾಯಿಸುವಷ್ಟರಲ್ಲಿ ಏಳು ಪ್ಯಾಕೆಟ್ ಬಂದು ನಿಂತಿರುತ್ತವೆ. ಹತ್ತು ಲಕ್ಷ ದಾರಿಗಳನ್ನು ಒಂದೊಂದಾಗಿ ಹೋಲಿಸುವ ಮಾತೇ ಇಲ್ಲಿ ಹುಟ್ಟುವುದಿಲ್ಲ. ಈ ಕ್ಷೇತ್ರದ ಜಾಣತನವೆಲ್ಲ ಎಷ್ಟು ಹೋಲಿಕೆಗಳನ್ನು ಮಾಡದೆ ಬಿಡಬಹುದು ಎಂಬುದರಲ್ಲಿದೆ.

ಮೊದಲ ಉಪಾಯ ಮರ. ಎಂಜಿನಿಯರುಗಳು ಇದನ್ನು ಟ್ರೈ ಎನ್ನುತ್ತಾರೆ. ಬೇರಿನಿಂದ ಹೊರಟು, ವಿಳಾಸದ ಮುಂದಿನ ಬಿಟ್ ಸೊನ್ನೆಯಾದರೆ ಎಡಕ್ಕೆ, ಒಂದಾದರೆ ಬಲಕ್ಕೆ. ನಡುವೆ ಯಾವುದಾದರೂ ಗೆಣ್ಣಿನಲ್ಲಿ ದಾರಿಯೊಂದು ಸಿಕ್ಕರೆ ಅದನ್ನು ನೆನಪಿಟ್ಟುಕೊಂಡು ಮುಂದುವರಿಯಬೇಕು. ಕೊಂಬೆ ಮುಗಿದಾಗ ಕೊನೆಯದಾಗಿ ನೆನಪಿಟ್ಟದ್ದೇ ಉತ್ತರ. ಪಟ್ಟಿಯಲ್ಲಿ ಹತ್ತು ಲಕ್ಷ ದಾರಿ ಇರಲಿ, ಹತ್ತು ಕೋಟಿ ಇರಲಿ, ಹೆಜ್ಜೆ ಮೂವತ್ತೆರಡನ್ನು ಮೀರುವುದಿಲ್ಲ. 1968ರಲ್ಲಿ ಡೊನಾಲ್ಡ್ ಮಾರಿಸನ್ ಇದಕ್ಕೆ ಇನ್ನೊಂದು ತಿದ್ದುಪಡಿ ತಂದರು. ಕವಲೇ ಇಲ್ಲದ ಉದ್ದನೆಯ ಕೊಂಬೆಯಲ್ಲಿ ಪ್ರತಿ ಗೆಣ್ಣಿಗೂ ನಿಲ್ಲುವುದೇಕೆ, ಮುಂದಿನ ಕವಲಿಗೇ ಹಾರಬಹುದಲ್ಲ ಎಂದರು. ಪೆಟ್ರಿಷಿಯಾ ಎಂಬ ಚೆಂದದ ಹೆಸರಿನ ಆ ಮರ ಹುಟ್ಟಿದ್ದು ಪಠ್ಯಗಳಲ್ಲಿ ಪದ ಹುಡುಕುವುದಕ್ಕೆ. ಎರಡು ದಶಕ ಕಳೆದ ಮೇಲೆ ಬರ್ಕ್ಲಿಯ ಯುನಿಕ್ಸ್ ಅದನ್ನು ದಾರಿ ಹುಡುಕಲು ಎತ್ತಿಕೊಂಡಿತು. ಆದರೂ ಹೆಜ್ಜೆಗೊಮ್ಮೆ ಮೆಮೊರಿ ಓದುವುದೆಂದರೆ, ಇಪ್ಪತ್ತು ಹೆಜ್ಜೆಗೆ ಸಾವಿರ ನ್ಯಾನೊಸೆಕೆಂಡ್ ಹೋಯಿತು. ನಮ್ಮ ಹತ್ತಿರ ಇರುವುದು ಏಳು.

1997ರಲ್ಲಿ ಫ್ರಾನ್ಸಿನ ಕಾನ್ ನಗರದಲ್ಲಿ ನೆಟ್‌ವರ್ಕ್ ಸಂಶೋಧಕರ ಸಿಗ್‌ಕಾಮ್ ಸಮ್ಮೇಳನ ನಡೆಯಿತು. ಈ ಸಮಸ್ಯೆಗೆ ಅಲ್ಲಿ ಎರಡು ಬೇರೆ ಬೇರೆ ಉತ್ತರಗಳು ಬಂದವು. ಸ್ವೀಡನ್ನಿನ ಲೂಲಿಯೊ ವಿಶ್ವವಿದ್ಯಾಲಯದವರು ಮರವನ್ನು ಹಿಂಡಿ ಹಿಪ್ಪೆ ಮಾಡಿ, ನಲವತ್ತು ಸಾವಿರ ದಾರಿಗಳ ಪಟ್ಟಿಯನ್ನು 160 ಕಿಲೋಬೈಟ್ ಒಳಗೆ ತುಂಬಿಸಿದರು. ಆಗ ಅದು ಪ್ರೊಸೆಸರಿನ ಪಕ್ಕದಲ್ಲೇ ಇರುವ ವೇಗದ ಕ್ಯಾಶ್ ಮೆಮೊರಿಯಲ್ಲಿ ಹಿಡಿಯುತ್ತದೆ. ಇನ್ನೊಂದು ಉತ್ತರ ಮಾರ್ಸೆಲ್ ವಾಲ್ಡ್‌ಫೋಗೆಲ್, ಜಾರ್ಜ್ ವರ್ಗೀಸ್ ಮತ್ತು ಸಂಗಡಿಗರದು. ವರ್ಗೀಸ್ ಬಾಂಬೆ ಐಐಟಿಯಲ್ಲಿ ಓದಿ ಅಮೆರಿಕಕ್ಕೆ ಹೋದವರು, ಮುಂದೆ ಈ ಬಗೆಯ ಉಪಾಯಗಳನ್ನೆಲ್ಲ ಸೇರಿಸಿ ‘ನೆಟ್‌ವರ್ಕ್ ಆಲ್ಗರಿದಮಿಕ್ಸ್’ ಎಂಬ ದಪ್ಪ ಪುಸ್ತಕ ಬರೆದವರು. ನನಗೆ ಎಲ್ಲಕ್ಕಿಂತ ಇಷ್ಟವಾದ ಉಪಾಯ ಇವರದೇ. ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಅವರು ಮರವನ್ನು ಬಿಟ್ಟು ಉದ್ದವನ್ನು ಹಿಡಿದರು. ಒಂದೊಂದು ಉದ್ದದ ಪ್ರಿಫಿಕ್ಸ್‌ಗಳಿಗೆ ಒಂದೊಂದು ಹ್ಯಾಶ್ ಟೇಬಲ್. ಹ್ಯಾಶ್ ಟೇಬಲ್ಲಿನಲ್ಲಿ ‘ಇದು ಇದೆಯೆ’ ಎಂದು ಕೇಳಿದರೆ ಸಾಮಾನ್ಯವಾಗಿ ಒಂದೇ ಏಟಿಗೆ ಉತ್ತರ ಬರುತ್ತದೆ. ಮೊದಲು ನಡುವಿನ ಉದ್ದ 16ರಲ್ಲಿ ಕೇಳುವುದು. ಸಿಕ್ಕರೆ ಇನ್ನೂ ಉದ್ದದ್ದು ಇರಬಹುದು, 24ಕ್ಕೆ ಹೋಗು. ಸಿಗದಿದ್ದರೆ 8ಕ್ಕೆ ಇಳಿ. ಪ್ರತಿ ಸಲ ಅರ್ಧ ಕಳೆಯುತ್ತ ಹೋದರೆ ಐದೇ ಪ್ರಶ್ನೆಯಲ್ಲಿ ಮುಗಿಯಿತು. ಕೇಳಲು ಸಲೀಸಾಗಿದೆ, ಆದರೆ ಹೀಗೇ ಮಾಡಿದರೆ ತಪ್ಪುತ್ತದೆ. ಪಟ್ಟಿಯಲ್ಲಿ ನಮ್ಮ ವಿಳಾಸಕ್ಕೆ /24ರ ದಾರಿ ಇದೆ, /16ರದು ಇಲ್ಲ ಎನ್ನಿ. 16ರಲ್ಲಿ ಏನೂ ಸಿಗದೆ ಹುಡುಕಾಟ 8ರ ಕಡೆ ಇಳಿದುಬಿಡುತ್ತದೆ, ನಿಜವಾದ ಉತ್ತರ ಮೇಲೆಯೇ ಉಳಿಯುತ್ತದೆ. ಅದಕ್ಕೆ ಅವರು 16ರ ಟೇಬಲ್ಲಿನಲ್ಲಿ ‘ಮುಂದೆ ಹೋಗು’ ಎಂಬ ಗುರುತನ್ನು ಇಟ್ಟರು. ಈಗ ಹೊಸ ತೊಡಕು. ಗುರುತು ನಂಬಿ ಮುಂದೆ ಹೋದ ಬೇರೆ ವಿಳಾಸಕ್ಕೆ ಅಲ್ಲಿ ಏನೂ ಸಿಗದಿದ್ದರೆ? ಅದರ ಉತ್ತರ 8ರಲ್ಲೋ 12ರಲ್ಲೋ ಇತ್ತು, ಹಿಂದಕ್ಕೆ ಬಂದು ಮತ್ತೆ ಹುಡುಕಬೇಕಾಯಿತು, ಐದು ಪ್ರಶ್ನೆಯ ಸಂಭ್ರಮ ಮಣ್ಣಾಯಿತು. ಇಲ್ಲಿದೆ ಚಮತ್ಕಾರ: ಪ್ರತಿ ಗುರುತಿನಲ್ಲೂ ‘ಮುಂದೆ ಏನೂ ಸಿಗದಿದ್ದರೆ ನಿನ್ನ ಉತ್ತರ ಇದು’ ಎಂದು ಮೊದಲೇ ಲೆಕ್ಕ ಹಾಕಿ ಬರೆದಿಟ್ಟುಬಿಟ್ಟರು. ಇನ್ನು ಹಿಂದಿರುಗುವ ಪ್ರಮೇಯವೇ ಇಲ್ಲ. ಹೊಸ ಬಗೆಯ ಐಪಿ ವಿಳಾಸ 128 ಬಿಟ್‌ನದು, ನಾಲ್ಕು ಪಟ್ಟು ಉದ್ದ. ಈ ವಿಧಾನದಲ್ಲಿ ಅದಕ್ಕೆ ಬೇಕಾದದ್ದು ಐದರ ಬದಲು ಏಳು ಪ್ರಶ್ನೆ.

ಮರುವರ್ಷ ಸ್ಟ್ಯಾನ್‌ಫರ್ಡಿನ ಪಂಕಜ್ ಗುಪ್ತ, ಸ್ಟೀವನ್ ಲಿನ್, ನಿಕ್ ಮೆಕ್‌ಕೋನ್ ಇನ್ನೂ ಒರಟಾದ ಉಪಾಯ ತಂದರು. ವಿಳಾಸದ ಮೊದಲ 24 ಬಿಟ್‌ಗಳನ್ನೇ ಮನೆ ನಂಬರಾಗಿ ಹಿಡಿದು 1,67,77,216 ಖಾನೆಗಳ ಒಂದು ದೊಡ್ಡ ಪಟ್ಟಿ ಮಾಡುವುದು, ಪ್ರತಿ ಖಾನೆಯಲ್ಲೂ ಸಿದ್ಧ ಉತ್ತರ ಬರೆದಿಡುವುದು. ಖಾನೆಗೆ ಎರಡು ಬೈಟಿನಂತೆ ಮೂವತ್ತಮೂರು ಮೆಗಾಬೈಟ್. ಒಂದೇ ಓದಿಗೆ ಉತ್ತರ ಸಿಗುತ್ತದೆ. 24ಕ್ಕಿಂತ ಉದ್ದದ ಅಪರೂಪದ ದಾರಿಗಳಿಗೆ ಮಾತ್ರ ಇನ್ನೊಂದು ಓದು. ಇದರಲ್ಲಿ ಆಲ್ಗರಿದಂ ಎಲ್ಲಿದೆ ಎಂದು ಒಬ್ಬ ವಿದ್ಯಾರ್ಥಿ ಕೇಳಿದ್ದ. ಮೆಮೊರಿ ಅಗ್ಗವಾಗುತ್ತಿದೆ ಎಂಬುದನ್ನು ಸರಿಯಾದ ಹೊತ್ತಿಗೆ ಗಮನಿಸಿದ್ದರಲ್ಲಿದೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಒಂದು /8ರ ದಾರಿ ಬದಲಾದರೆ 65,536 ಖಾನೆಗಳ ತನಕ ತಿದ್ದಬೇಕಾದೀತು. ಹುಡುಕಾಟ ಸಲೀಸಾದಷ್ಟೂ ತಿದ್ದುವುದು ಭಾರವಾಗುತ್ತದೆ. ಈ ಎರಡರ ನಡುವೆ ಎಲ್ಲಿ ನಿಲ್ಲಬೇಕೆಂಬುದರ ಮೇಲೆ ಇಂದಿಗೂ ಪ್ರಬಂಧಗಳು ಬರುತ್ತಲೇ ಇವೆ.

ದೊಡ್ಡ ರೌಟರುಗಳಲ್ಲಿ ಇದೆಲ್ಲವನ್ನೂ ಬದಿಗಿಟ್ಟು ಎಲ್ಲ ದಾರಿಗಳನ್ನೂ ಏಕಕಾಲಕ್ಕೆ ಹೋಲಿಸುವ ಟಿಕ್ಯಾಮ್ ಎಂಬ ವಿಶೇಷ ಚಿಪ್ ಹಾಕುವುದುಂಟು. ಅದರ ಪ್ರತಿ ಕೋಶ ಸೊನ್ನೆ, ಒಂದು, ಇಲ್ಲವೆ ‘ಏನಾದರೂ ಸರಿ’ ಎಂಬ ಮೂರನ್ನು ಹಿಡಿದಿಡುತ್ತದೆ. ವೇಗ ಅದ್ಭುತ, ಆದರೆ ವಿದ್ಯುತ್ತನ್ನು ಕುಡಿಯುತ್ತದೆ, ದುಬಾರಿ, ಜಾಗವೂ ಮಿತ. ಆ ಮಿತಿ 2014ರ ಆಗಸ್ಟ್ 12ರಂದು ಜಗತ್ತಿಗೆಲ್ಲ ಗೊತ್ತಾಯಿತು. ಆಗ ಬಳಕೆಯಲ್ಲಿದ್ದ ಅನೇಕ ರೌಟರುಗಳಲ್ಲಿ 5,24,288 ದಾರಿಗಳಿಗಷ್ಟೇ ಜಾಗ ಮೀಸಲಿತ್ತು. ಅಂದು ಅಮೆರಿಕದ ವೆರೈಜನ್ ಕಡೆಯಿಂದ ಸುಮಾರು ಹದಿನೈದು ಸಾವಿರ ಹೆಚ್ಚುವರಿ ದಾರಿಗಳು ಒಮ್ಮೆಲೇ ಸೋರಿ, ಪಟ್ಟಿ ಆ ಗೆರೆ ದಾಟಿತು. ಹಲವು ಕಡೆ ಇಂಟರ್ನೆಟ್ ಮುಗ್ಗರಿಸಿತು. ಎರಡರ ಹತ್ತೊಂಬತ್ತನೇ ಘಾತ ಯಾವತ್ತಾದರೂ ತುಂಬಿಯೇ ತುಂಬುತ್ತದೆ ಎಂಬುದು ವರ್ಷಗಳಿಂದ ಎಲ್ಲರಿಗೂ ಗೊತ್ತಿತ್ತು, ಜಾಗ ಹೆಚ್ಚಿಸಿ ರೌಟರನ್ನು ಮರುಚಾಲೂ ಮಾಡಲು ಮಾತ್ರ ಯಾರಿಗೂ ಪುರಸೊತ್ತಿರಲಿಲ್ಲ.

ಉದ್ದ ಹೊಂದಿದ್ದೇ ಗೆಲ್ಲುತ್ತದೆ ಎಂಬ ನಿಯಮ ಗಣಿತಕ್ಕೆ ಹೇಳಿ ಮಾಡಿಸಿದ್ದು. ಒಂದೇ ವಿಳಾಸಕ್ಕೆ ಹೊಂದುವ ಎರಡು ಬೇರೆ ಪ್ರಿಫಿಕ್ಸ್‌ಗಳ ಉದ್ದ ಒಂದೇ ಆಗಿರಲು ಸಾಧ್ಯವಿಲ್ಲ, ಆದ್ದರಿಂದ ಗೊಂದಲಕ್ಕೆ ಎಡೆಯೇ ಇಲ್ಲ. ಆದರೆ ದಾರಿ ಸಾರಿದವನಿಗೆ ಆ ಹಕ್ಕು ಇತ್ತೆ ಎಂಬ ಪ್ರಶ್ನೆ ಈ ಹೋಲಿಕೆಯಲ್ಲಿ ಏಳುವುದೇ ಇಲ್ಲ. 2008ರ ಫೆಬ್ರವರಿ 24ರ ಘಟನೆಯನ್ನು ನೋಡಿ. ನಮ್ಮ ಗಡಿಯಾರದಲ್ಲಿ ಆಗ ಮಧ್ಯರಾತ್ರಿ ದಾಟಿ ಹದಿನೇಳು ನಿಮಿಷವಾಗಿ 25ನೇ ತಾರೀಖು ಹುಟ್ಟಿತ್ತು. ಯೂಟ್ಯೂಬ್ ತನ್ನ 208.65.152.0/22 ಎಂಬ 1,024 ವಿಳಾಸಗಳ ಗುಂಪನ್ನು ಸಾರಿಕೊಂಡು ನೆಮ್ಮದಿಯಾಗಿತ್ತು. ಯೂಟ್ಯೂಬನ್ನು ತನ್ನ ದೇಶದೊಳಗೆ ಮಾತ್ರ ತಡೆಯಬೇಕಿದ್ದ ಪಾಕಿಸ್ತಾನ್ ಟೆಲಿಕಾಂ, ಅದೇ ಗುಂಪಿನೊಳಗಿನ 208.65.153.0/24 ಎಂಬ 256 ವಿಳಾಸ ತನ್ನದೆಂದು ಸಾರಿತು. ಸುದ್ದಿ ದೇಶದೊಳಗೆ ಉಳಿಯಲಿಲ್ಲ, ಹಾಂಗ್‌ಕಾಂಗಿನ ಕಂಪನಿಯೊಂದರ ಮೂಲಕ ಜಗತ್ತಿಗೆಲ್ಲ ಹಬ್ಬಿತು. ರೌಟರುಗಳು ತಮ್ಮ ನಿಯಮದಂತೆ ಸರಿಯಾಗಿಯೇ ನಡೆದುಕೊಂಡವು: 24 ದೊಡ್ಡದೋ 22 ದೊಡ್ಡದೋ? 24. ಎಲ್ಲವೂ ಪಾಕಿಸ್ತಾನದ ಕಡೆ ಹೊರಟಿತು. ಹಿಂಡಿದ ಮರ, ಐದು ಪ್ರಶ್ನೆ, ವಿಶೇಷ ಚಿಪ್ ಎಲ್ಲ ಸೇರಿ ತಪ್ಪು ಉತ್ತರವನ್ನು ಅತಿ ವೇಗವಾಗಿ ಕೊಟ್ಟವು.

ಯೂಟ್ಯೂಬ್ ಎಚ್ಚೆತ್ತದ್ದು ಒಂದು ಗಂಟೆ ಇಪ್ಪತ್ತು ನಿಮಿಷದ ಮೇಲೆ. ತಾನೂ ಅದೇ /24 ಸಾರಿತು. ಈಗ ಒಂದೇ ಪ್ರಿಫಿಕ್ಸ್ ಎರಡು ಬಾಯಿಂದ ಬಂತು, ಉದ್ದದ ಹೋಲಿಕೆಗೆ ಕೆಲಸವಿಲ್ಲ. ಯಾರ ಮಾತು ಹಿಡಿಯಬೇಕೆಂಬುದನ್ನು ಪ್ರತಿ ನೆಟ್‌ವರ್ಕ್ ತನ್ನ ಎರಡನೇ ಹೋಲಿಕೆಯಿಂದ ನಿರ್ಧರಿಸಬೇಕಾಯಿತು. ಕೆಲವು ಯೂಟ್ಯೂಬಿನ ಕಡೆ ಹೊರಳಿದವು, ಕೆಲವು ಪಾಕಿಸ್ತಾನದ ಕಡೆಯೇ ಉಳಿದವು. ಹತ್ತು ನಿಮಿಷ ಬಿಟ್ಟು ಯೂಟ್ಯೂಬ್ ಅದನ್ನೂ ಸೀಳಿ ಎರಡು /25 ಸಾರಿತು. ಎಲ್ಲ ಶುರುವಾಗಿ ಎರಡು ಗಂಟೆ ದಾಟಿದ ಮೇಲೆ ಹಾಂಗ್‌ಕಾಂಗಿನ ಕಂಪನಿ ತಪ್ಪು ದಾರಿಯನ್ನು ಹಿಂತೆಗೆದುಕೊಂಡಾಗ ಪೂರ್ತಿ ಸರಿಯಾಯಿತು. ಇವತ್ತು ಯಾವ ವಿಳಾಸ ಯಾರದು, ಎಷ್ಟು ಉದ್ದದವರೆಗೆ ಸಾರಬಹುದು ಎಂಬ ಸಹಿ ಹಾಕಿದ ಪತ್ರಗಳಿವೆ. ಅವನ್ನು ತಾಳೆ ನೋಡಲು ಬಳಸುವುದೂ ಅದೇ ಪ್ರಿಫಿಕ್ಸ್‌ಗಳ ಮರವನ್ನೇ.

ಎರಡನೇ ಹೋಲಿಕೆ ದಾರಿಯ ಸುದ್ದಿ ಬಂದ ಹೊತ್ತಿನದು, ಅದು ನಡೆಯುವುದು ಬಿಜಿಪಿ ಎಂಬ ನಿಯಮಾವಳಿಯಂತೆ. 1989ರ ಜನವರಿಯಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಊಟದ ಮೇಜಿನ ಕಾಗದದ ನ್ಯಾಪ್ಕಿನ್ ಮೇಲೆ ಎಂಜಿನಿಯರುಗಳಾದ ಕರ್ಕ್ ಲಾಹೀಡ್, ಯಾಕೊವ್ ರೆಖ್ಟರ್ ಗೀಚಿದ ರೂಪುರೇಷೆ ಅದು. ತಾತ್ಕಾಲಿಕ ವ್ಯವಸ್ಥೆ ಎಂದುಕೊಂಡದ್ದು ಮೂವತ್ತೈದು ವರ್ಷ ದಾಟಿಯೂ ನಡೆಯುತ್ತಿದೆ. ಒಂದೇ ಪ್ರಿಫಿಕ್ಸಿಗೆ ನೆರೆಯ ನೆಟ್‌ವರ್ಕ್‌ಗಳಿಂದ ನಾಲ್ಕು ದಾರಿ ಬಂದರೆ ಒಂದಾದ ಮೇಲೊಂದು ಜರಡಿ ಹಿಡಿಯುತ್ತಾರೆ. ಮೊದಲ ಜರಡಿ ಲೋಕಲ್ ಪ್ರಿಫರೆನ್ಸ್. ಅದನ್ನು ಪ್ರತಿ ಕಂಪನಿ ತಾನೇ ತುಂಬುತ್ತದೆ, ತುಂಬುವುದು ದುಡ್ಡಿನ ಲೆಕ್ಕದಲ್ಲಿ. ನಮಗೆ ಹಣ ಕೊಡುವ ಗ್ರಾಹಕನ ಕಡೆಯ ದಾರಿ ಎಲ್ಲಕ್ಕಿಂತ ಮೇಲು. ಪರಸ್ಪರ ಪುಕ್ಕಟೆ ವಿನಿಮಯ ಇರುವ ನೆಟ್‌ವರ್ಕ್ ನಂತರ. ನಾವು ಹಣ ಕೊಡಬೇಕಾದ ದೊಡ್ಡ ಕಂಪನಿಯ ದಾರಿ ಕೊನೆಗೆ. ಇದರಲ್ಲಿ ಸಮವಾದರೆ ಎರಡನೇ ಜರಡಿ: ನಡುವೆ ಎಷ್ಟು ನೆಟ್‌ವರ್ಕ್‌ಗಳಿವೆ, ಕಡಿಮೆ ಇರುವುದು ಒಳ್ಳೆಯದು.

ಸಿಂಗಪುರದ ಉತ್ತರ ಇಲ್ಲೇ ಇದೆ. ಎರಡನೇ ಜರಡಿ ಎಣಿಸುವುದು ನೆಟ್‌ವರ್ಕ್‌ಗಳನ್ನು, ಕಿಲೋಮೀಟರು ಲೆಕ್ಕಕ್ಕಿಲ್ಲ. ಬೆಂಗಳೂರಿನಲ್ಲೇ ಎರಡು ಚಿಕ್ಕ ಕಂಪನಿ ದಾಟುವುದಕ್ಕೆ ಎರಡು ಅಂಕ, ಸಮುದ್ರದಾಚೆಗೂ ಹರಡಿಕೊಂಡ ಒಂದೇ ದೈತ್ಯ ಕಂಪನಿಯನ್ನು ದಾಟುವುದಕ್ಕೆ ಒಂದು. ಮೊದಲ ಜರಡಿಯಂತೂ ದೂರದ ಸುದ್ದಿಗೇ ಹೋಗುವುದಿಲ್ಲ. ಬೆಳಕು ಗಾಜಿನ ಎಳೆಯಲ್ಲಿ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿ.ಮೀ. ಓಡುತ್ತದೆ. ಸಿಂಗಪುರ ಬೆಂಗಳೂರಿನಿಂದ ನೇರ ಗೆರೆಯಲ್ಲೇ ಮೂರು ಸಾವಿರ ಕಿ.ಮೀ.ಗೂ ಹೆಚ್ಚು ದೂರ. ಹೋಗಿಬರಲು ಕಡಿಮೆಯೆಂದರೂ ಮೂವತ್ತು ಮಿಲಿಸೆಕೆಂಡ್ ಕಳೆಯಿತು, ಆನ್‌ಲೈನ್ ಆಟ ಆಡುವ ಹುಡುಗನಿಗೆ ಅಷ್ಟು ಸಾಕು ಸಿಟ್ಟು ಬರಲು. ದೇಶದ ಒಳಗಿನ ಮಾತು ದೇಶದಲ್ಲೇ ಮುಗಿಯಲಿ ಎಂದು 2003ರಲ್ಲಿ ನಿಕ್ಸಿ ಎಂಬ ರಾಷ್ಟ್ರೀಯ ವಿನಿಮಯ ಕೇಂದ್ರಗಳ ಸಂಸ್ಥೆ ಹುಟ್ಟಿತು, ಬೆಂಗಳೂರಿನಲ್ಲೂ ಅದರ ಕೇಂದ್ರವಿದೆ. ಆದರೆ ಕೇಂದ್ರ ಇದ್ದರೆ ಸಾಲದು, ನಿಮ್ಮ ಕಂಪನಿಯೂ ಆ ಬದಿಯ ಕಂಪನಿಯೂ ಅಲ್ಲಿಗೆ ಬಂದು ಕೈಜೋಡಿಸಬೇಕು. ಒಬ್ಬರು ಬರದಿದ್ದರೆ ಹೋಲಿಕೆಯ ಪಟ್ಟಿಯಲ್ಲಿ ಹತ್ತಿರದ ದಾರಿಯ ಹೆಸರೇ ಇರುವುದಿಲ್ಲ. ಆಗ ಎಷ್ಟು ಚೆಂದದ ಆಲ್ಗರಿದಂ ಇದ್ದರೂ ಅದು ಆಯುವುದು ಇದ್ದುದರಲ್ಲೇ.

ದುಡ್ಡಿನ ಜರಡಿಯನ್ನು ಬೈಯುವುದು ಸುಲಭ. ಆದರೆ ಲಿಕ್ಸಿನ್ ಗಾವೊ ಮತ್ತು ಜೆನಿಫರ್ ರೆಕ್ಸ್‌ಫರ್ಡ್ ಎಂಬ ಇಬ್ಬರು ವಿದುಷಿಯರು 2001ರಲ್ಲಿ ತೋರಿಸಿಕೊಟ್ಟದ್ದು ಸ್ವಾರಸ್ಯಕರವಾಗಿದೆ. ಎಲ್ಲರೂ ಗ್ರಾಹಕನ ದಾರಿಯನ್ನೇ ಮೇಲೆ ಇಟ್ಟು, ಲಾಭವಿಲ್ಲದ ಕಡೆ ಬೇರೆಯವರ ಹೊರೆ ಹೊರದಿದ್ದರೆ, ಯಾವ ಕೇಂದ್ರೀಯ ಯಜಮಾನನೂ ಇಲ್ಲದೆ ಇಡೀ ವ್ಯವಸ್ಥೆ ಒಂದು ನೆಲೆಗೆ ಬಂದು ನಿಲ್ಲುತ್ತದೆ. ಎಲ್ಲರೂ ತಮ್ಮ ಇಷ್ಟದ ಕ್ರಮ ಇಟ್ಟುಕೊಂಡರೆ ಒಬ್ಬರ ಆಯ್ಕೆ ಇನ್ನೊಬ್ಬರದನ್ನು ಕೆಡಿಸುತ್ತ ಸುತ್ತುತ್ತಲೇ ಇರಬಹುದು. ಇಂಟರ್ನೆಟ್ಟು ನಿಂತಿರುವುದರಲ್ಲಿ ವ್ಯಾಪಾರದ ಸ್ವಾರ್ಥಕ್ಕೂ ಪಾಲಿದೆ ಎಂದಾಯಿತು.

ನಿಜವಾದ ತಂಟೆ ಇರುವುದು ಕೆಳಗಿನ ಒಂದು ಜರಡಿಯಲ್ಲಿ. ಅದರ ಹೆಸರು ಮೆಡ್. ನೆರೆಯ ಕಂಪನಿಗೂ ನಮಗೂ ಎರಡು ಕಡೆ ಸಂಪರ್ಕವಿದ್ದಾಗ ‘ಈ ಬಾಗಿಲಿಂದ ಬನ್ನಿ’ ಎಂದು ಅವರು ಕೊಡುವ ಸೂಚನೆಯ ಅಂಕಿ. ಚಿಕ್ಕದಿದ್ದಷ್ಟು ಒಳ್ಳೆಯದು. ಆದರೆ ಒಂದೇ ನೆರೆಯವನಿಂದ ಬಂದ ದಾರಿಗಳ ನಡುವೆ ಮಾತ್ರ ಇದನ್ನು ಹೋಲಿಸಬೇಕು. ನಾನು ಒಂದು ಕಾಲಕ್ಕೆ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸದಲ್ಲಿದ್ದಾಗ, ಲಿಂಕು ಬಿದ್ದು ಮತ್ತೆ ಎದ್ದರೆ ಟ್ರಾಫಿಕ್ ಮೊದಲಿನ ಕಡೆ ಹೋಗದೆ ಬೇರೆ ಬಾಗಿಲಿಂದ ಹೊರಡುತ್ತಿತ್ತು. ಯಾರೂ ಏನನ್ನೂ ಮುಟ್ಟಿರಲಿಲ್ಲ, ಸೆಟ್ಟಿಂಗ್ ಬದಲಾಗಿರಲಿಲ್ಲ. ರಾತ್ರಿ ಪಾಳಿಯಲ್ಲಿ ಕೂತು ಕಾಗದದ ಮೇಲೆ ಲೆಕ್ಕ ಹಾಕಿದಾಗಲೇ ಕಾರಣ ತಿಳಿದದ್ದು.

ಮೂರು ದಾರಿ ಇಟ್ಟುಕೊಳ್ಳಿ, ಮೇಲಿನ ಜರಡಿಗಳಲ್ಲೆಲ್ಲ ಸಮ. ಮೆಡ್ ಆದ ಮೇಲಿನ ಜರಡಿ ಹೊರಹೋಗುವ ಬಾಗಿಲಿಗೆ ನಮ್ಮ ನೆಟ್‌ವರ್ಕಿನೊಳಗಿನ ದೂರ, ಅದೂ ಕಡಿಮೆಯಿದ್ದಷ್ಟು ಒಳ್ಳೆಯದು. ‘ಅ’ ಮತ್ತು ‘ಆ’ ಒಂದೇ ನೆರೆಯವನಿಂದ ಬಂದವು, ‘ಇ’ ಬೇರೊಬ್ಬನಿಂದ. ‘ಅ’ದ ಮೆಡ್ 20, ಅದರ ಬಾಗಿಲಿಗೆ ನಮ್ಮೊಳಗಿನ ದೂರ 10. ‘ಆ’ದ ಮೆಡ್ 10, ದೂರ 30. ‘ಇ’ಯ ದೂರ 20. ‘ಅ’ ಮತ್ತು ‘ಆ’ ನಡುವೆ ಮೆಡ್ ಚಿಕ್ಕದಿರುವ ‘ಆ’ ಗೆಲ್ಲುತ್ತದೆ. ‘ಆ’ ಮತ್ತು ‘ಇ’ ನಡುವೆ ಮೆಡ್ ಲೆಕ್ಕಕ್ಕಿಲ್ಲ, ದೂರ ಕಡಿಮೆಯಿರುವ ‘ಇ’ ಗೆಲ್ಲುತ್ತದೆ. ‘ಇ’ ಮತ್ತು ‘ಅ’ ನಡುವೆ ದೂರ ಇನ್ನೂ ಕಡಿಮೆಯಿರುವ ‘ಅ’ ಗೆಲ್ಲುತ್ತದೆ. ಮೂವರೂ ಒಬ್ಬರನ್ನು ಸೋಲಿಸಿ ಇನ್ನೊಬ್ಬರಿಗೆ ಸೋತರು. ಈಗ ಇರುವುದರಲ್ಲಿ ಗೆದ್ದದ್ದನ್ನು ಹಿಡಿದು ಮುಂದಿನದರೊಡನೆ ಹೋಲಿಸುತ್ತ ಹೋಗಿ. ಮೊದಲು ‘ಅ’, ‘ಆ’ ಹೋಲಿಸಿ ಆಮೇಲೆ ‘ಇ’ ತಂದರೆ ಕೊನೆಗೆ ಉಳಿಯುವುದು ‘ಇ’. ‘ಆ’, ‘ಇ’ ಮೊದಲಾದರೆ ‘ಅ’. ‘ಅ’, ‘ಇ’ ಮೊದಲಾದರೆ ‘ಆ’. ಯಾವ ಸುದ್ದಿ ಯಾವಾಗ ಬಂತು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಅತಿ ದೊಡ್ಡದನ್ನು ಹುಡುಕಲು ಒಂದು ಸುತ್ತು ನೋಡಿದರೆ ಸಾಕು ಎಂದು ನಾವು ಮೊದಲ ಸೆಮಿಸ್ಟರಿನಲ್ಲಿ ಕಲಿತದ್ದು ಇಲ್ಲಿ ನಡೆಯುವುದಿಲ್ಲ. ಆ ಪಾಠಕ್ಕೆ, ಒಂದು ಎರಡಕ್ಕಿಂತ ಮೇಲು, ಎರಡು ಮೂರಕ್ಕಿಂತ ಮೇಲು ಎಂದಾದರೆ ಒಂದು ಮೂರಕ್ಕಿಂತಲೂ ಮೇಲಾಗಿರಲೇಬೇಕು ಎಂಬ ಆಧಾರ ಬೇಕು.

ಬಿಜಿಪಿಯ 2006ರ ಅಧಿಕೃತ ವಿವರಣೆ ಇದಕ್ಕೆ ಒಂದು ಕ್ರಮ ಕೊಟ್ಟಿದೆ. ಪ್ರತಿ ದಾರಿಯನ್ನೂ ಉಳಿದ ಪ್ರತಿಯೊಂದರೊಡನೆ ಹೋಲಿಸಿ, ಅದೇ ನೆರೆಯವನಿಂದ ಇನ್ನೂ ಚಿಕ್ಕ ಮೆಡ್ ಬಂದಿದ್ದರೆ ತೆಗೆದುಹಾಕು ಎನ್ನುತ್ತದೆ. ನೂರು ದಾರಿ ಇದ್ದರೆ ಹತ್ತು ಸಾವಿರದ ಹತ್ತಿರ ಹೋಲಿಕೆ. ಇದು ಅರ್ಥವಾಗಲಿ ಎಂದು ಬರೆದದ್ದು, ದಕ್ಷತೆಗಲ್ಲ ಎಂದು ಅಲ್ಲೇ ಪ್ರಾಮಾಣಿಕವಾಗಿ ಹೇಳಿಕೊಂಡಿದ್ದಾರೆ. ದಕ್ಷ ದಾರಿ ಸರಳವಾಗಿದೆ. ನೆರೆಯವನ ಹೆಸರಿನ ಮೇಲೆ ದಾರಿಗಳನ್ನು ಗುಂಪು ಮಾಡಿ, ಪ್ರತಿ ಗುಂಪಿನ ಒಳಗೆ ಒಬ್ಬ ಗೆದ್ದವನನ್ನು ಆರಿಸಿ, ಗುಂಪಿನ ಗೆದ್ದವರನ್ನಷ್ಟೇ ಕೊನೆಗೆ ಮೆಡ್ ಬಿಟ್ಟು ಹೋಲಿಸುವುದು. ನಮ್ಮ ಉದಾಹರಣೆಯಲ್ಲಿ ಮೊದಲು ‘ಆ’ ತನ್ನ ಗುಂಪಿನ ‘ಅ’ವನ್ನು ತೆಗೆಯುತ್ತದೆ, ಆಮೇಲೆ ‘ಇ’ ಗೆಲ್ಲುತ್ತದೆ, ಯಾವ ಕ್ರಮದಲ್ಲಿ ಸುದ್ದಿ ಬಂದರೂ ಅದೇ ಉತ್ತರ. ಹೊಸ ದಾರಿ ಬಂದರೆ ಅದರ ಗುಂಪನ್ನು ಮಾತ್ರ ಮುಟ್ಟಿದರೆ ಸಾಕು. ಸಿಸ್ಕೊ ರೌಟರುಗಳಲ್ಲಿ ಇದಕ್ಕೆ ‘ಡಿಟರ್ಮಿನಿಸ್ಟಿಕ್ ಮೆಡ್’ ಎಂಬ ಆಜ್ಞೆಯೇ ಇದೆ. ನಾವು ಅಂದು ಮಾಡಿದ್ದೂ ಅದನ್ನೇ.

ಒಂದು ರೌಟರಿನೊಳಗಿನ ಗೊಂದಲ ಇದರಿಂದ ತೀರಿತು. ದೊಡ್ಡ ಕಂಪನಿಯ ಒಳಗೆ ಒಂದು ರೌಟರ್ ಇನ್ನೊಂದಕ್ಕೆ ತನ್ನ ಗೆದ್ದ ದಾರಿಯನ್ನಷ್ಟೇ ಹೇಳಿ ಉಳಿದವನ್ನು ಮುಚ್ಚಿಡುವ ಏರ್ಪಾಡುಗಳಿರುತ್ತವೆ. ಅಲ್ಲಿ ಮೆಡ್ ಸೇರಿದರೆ ಎರಡು ರೌಟರುಗಳು ಪರಸ್ಪರ ಮನಸ್ಸು ಬದಲಿಸುತ್ತ ಎಂದೂ ನಿಲ್ಲದಿರಬಹುದು ಎಂಬುದನ್ನು 2002ರಲ್ಲೇ ಎಂಜಿನಿಯರುಗಳು ದಾಖಲಿಸಿದ್ದಾರೆ. ಎಲ್ಲ ನೆರೆಯವರ ಮೆಡ್ ಅಂಕಿಗಳನ್ನೂ ಒಟ್ಟಿಗೇ ಹೋಲಿಸಿಬಿಡಿ ಎನ್ನುವವರಿದ್ದಾರೆ. ಗಣಿತ ಆಗ ಸುಸೂತ್ರವಾಗುತ್ತದೆ, ಸರಿ. ಆದರೆ ಎರಡು ಕಂಪನಿಗಳು ತಮ್ಮತಮ್ಮ ಮನಸ್ಸಿಗೆ ಬಂದ ಅಳತೆಯಲ್ಲಿ ಬರೆದ ಅಂಕಿಗಳಲ್ಲಿ ಯಾವುದು ಚಿಕ್ಕದೆಂದು ನೋಡುವುದರಲ್ಲಿ ಅರ್ಥವಿಲ್ಲ. ಬರುವ ಮೆಡ್ಡನ್ನು ಬಾಗಿಲಲ್ಲೇ ಸೊನ್ನೆ ಮಾಡಿ, ಒಪ್ಪಂದ ಇರುವ ನೆರೆಯವರದನ್ನು ಮಾತ್ರ ಒಳಗೆ ಬಿಡುವುದು ವಾಸಿ ಎಂಬುದು ನನ್ನ ಅಭಿಪ್ರಾಯ. ನನ್ನ ಜೊತೆ ಕೆಲಸ ಮಾಡಿದವರಲ್ಲಿ ಅರ್ಧ ಜನ ಇದನ್ನು ಒಪ್ಪುವುದಿಲ್ಲ.

ಪತ್ರ ಬರೆಯುವ ಹುಡುಗರಿಗೆ ಒಂದು ಕೆಲಸ ಹೇಳುತ್ತೇನೆ. ಅಮೆರಿಕದ ಒರೆಗನ್ ವಿಶ್ವವಿದ್ಯಾಲಯ ‘ರೂಟ್‌ವ್ಯೂಸ್’ ಎಂಬ ಯೋಜನೆ ನಡೆಸುತ್ತಿದೆ, ಜಗತ್ತಿನ ಹಲವು ನೆಟ್‌ವರ್ಕ್‌ಗಳು ತಮಗೆ ಕಂಡ ದಾರಿಗಳನ್ನು ಅಲ್ಲಿ ಕೊಡುತ್ತವೆ. ಯಾರು ಬೇಕಾದರೂ ನೋಡಬಹುದು, ಪುಕ್ಕಟೆ. ನಿಮ್ಮ ಕಾಲೇಜಿನ ಪ್ರಿಫಿಕ್ಸ್ ಹಾಕಿ ನೋಡಿ, ಅದೇ ಒಂದು ವಿಳಾಸಕ್ಕೆ ಹತ್ತಾರು ದಾರಿಗಳು ಸಾಲಾಗಿ ನಿಲ್ಲುತ್ತವೆ, ಆಯ್ಕೆಯಾದದ್ದರ ಮುಂದೆ ಬಾಣದ ಗುರುತಿರುತ್ತದೆ. ಯಾವ ಜರಡಿಯಲ್ಲಿ ಉಳಿದವು ಸೋತವೆಂದು ಒಂದೊಂದಾಗಿ ಗುರುತು ಹಾಕಿ. ಆಮೇಲೆ ಪೂರ್ತಿ ಪಟ್ಟಿ ಇಳಿಸಿಕೊಂಡು ಮೊದಲು ಟ್ರೈ ಬರೆಯಿರಿ, ನಂತರ ವರ್ಗೀಸರ ಹ್ಯಾಶ್ ವಿಧಾನ ಬರೆಯಿರಿ, ಎರಡರ ವೇಗ ಅಳೆಯಿರಿ. ಹ್ಯಾಶ್ ವಿಧಾನದಲ್ಲಿ ಗುರುತುಗಳೊಳಗಿನ ಸಿದ್ಧ ಉತ್ತರ ಬರೆಯುವುದನ್ನು ಮರೆತರೂ ಪ್ರೋಗ್ರಾಂ ಓಡುತ್ತದೆ, ಬಹಳಷ್ಟು ವಿಳಾಸಗಳಿಗೆ ಸರಿಯಾದ ಉತ್ತರವನ್ನೇ ಕೊಡುತ್ತದೆ. ಅದಕ್ಕೆ ಒಂದೊಂದಾಗಿ ಹೋಲಿಸುವ ಆಮೆ ವೇಗದ ವಿಧಾನವನ್ನೂ ಬರೆದಿಟ್ಟುಕೊಂಡು, ರಾತ್ರಿ ಮಲಗುವಾಗ ಓಡಲು ಬಿಟ್ಟು, ಬೆಳಿಗ್ಗೆ ಎದ್ದು ಎರಡರ ಉತ್ತರ ತಾಳೆ ನೋಡಿ.